ರಸಪುರಿಯ ಕಡೆಯವರು

ಮಾವಿನಹಣ್ಣನ್ನು ದುಡ್ಡು ಕೊಟ್ಟು ತರುವುದೆಂದರೆ ನಮ್ಮ ಅತ್ತೆಗೆ ಈಗಲೂ ಸಣ್ಣ ಅವಮಾನ. ಶ್ರೀನಿವಾಸಪುರದ ಕಡೆಯವರು. ಅವರ ಲೆಕ್ಕದಲ್ಲಿ ಹಣ್ಣೆಂದರೆ ತೋಟದಿಂದ ಗೋಣಿಚೀಲದಲ್ಲಿ ಬಂದು ಇಳಿಯಬೇಕು, ಮಂಚದ ಕೆಳಗೆ ಹುಲ್ಲಿನ ಅಡೆಯಲ್ಲಿ ಮಲಗಬೇಕು, ಮನೆಯೆಲ್ಲ ಘಮ್ಮೆಂದ ದಿನ ಮಕ್ಕಳ ಕೈಗೆ ಸಿಗಬೇಕು. ಬೆಂಗಳೂರಿಗೆ ಬಂದು ನಲವತ್ತು ವರ್ಷವಾಯಿತು. ಟ್ಯಾಂಕರಿನವನಿಗೆ ನೀರಿನ ದುಡ್ಡು ಎಣಿಸುವುದಕ್ಕೂ ಒಗ್ಗಿಕೊಂಡಿದ್ದಾರೆ, ಇದೊಂದಕ್ಕೆ ಒಗ್ಗಿಲ್ಲ. ಲಾಲ್‌ಬಾಗಿನ ಮಾವು ಮೇಳಕ್ಕೆ ಹೋಗೋಣ ಬನ್ನಿ ಎಂದು ನಾನು ಕರೆಯುವುದು, "ನಾನು ನೋಡದೇ ಇರೋ ಮಾವೇನೇ ಅದು?" ಎಂದು ಅವರು ಮುಖ ತಿರುಗಿಸುವುದು, ಆಮೇಲೆ ನನಗಿಂತ ಮೊದಲೇ ಸೀರೆಯುಟ್ಟು ಎರಡು ಬಟ್ಟೆಚೀಲ ಮಡಿಸಿಕೊಂಡು ಬಾಗಿಲಲ್ಲಿ ನಿಲ್ಲುವುದು ನಮ್ಮ ಮನೆಯ ಬೇಸಿಗೆಯ ಪದ್ಧತಿ.

ಈ ಸಲ ಹೋದಾಗ ಕೃತ್ತಿಕೆ ಮುಗಿದು ರೋಹಿಣಿ ಮಳೆ ಹುಟ್ಟುವ ಹೊತ್ತು. ರಾತ್ರಿ ನಾಲ್ಕು ಹನಿ ಬಿದ್ದು ನೆಲ ತಣ್ಣಗಿತ್ತು. ಮೆಟ್ರೊ ಇಳಿದು ಪಶ್ಚಿಮ ದ್ವಾರದಿಂದ ಒಳಗೆ ಹೊಕ್ಕೆವು. ಲಾಲ್‌ಬಾಗ್ ಎಂದರೆ ನನಗೊಂದಿಷ್ಟು ಮೇಷ್ಟ್ರಿಕೆಯ ಚಟ. ಹೈದರಾಲಿ 1760ರಲ್ಲಿ ಹಾಕಿಸಿದ ತೋಟ, ಗಾಜಿನಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಅಗೋ ಕೆಂಪೇಗೌಡರ ಗೋಪುರ ಹೊತ್ತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದೆಲ್ಲ ಹೇಳುತ್ತ ನಡೆದೆ. ಅತ್ತೆ ಬಂಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, "ನಮ್ಮೂರಲ್ಲಿ ಇದರಪ್ಪನಂಥವಿವೆ" ಅಂದರು. ಮೇಷ್ಟ್ರಿಕೆ ಅಲ್ಲಿಗೆ ಮುಗಿಯಿತು.

ಮೇಳ ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಸಿಕ್ಕಿತು. ಒಂದು ಹಣ್ಣಿನ ವಾಸನೆಯಲ್ಲ ಅದು. ಸೊನೆಯ ಘಾಟು, ಒಣಹುಲ್ಲಿನ ವಾಸನೆ, ಎಲ್ಲೋ ಒಂದು ಹಣ್ಣು ಒಡೆದು ಹುಳಿಯೇರಿದ್ದು, ಪಕ್ಕದಲ್ಲಿ ಹಲಸು ಸೀಳಿಟ್ಟಿದ್ದು, ಎಲ್ಲ ಒಂದಕ್ಕೊಂದು ಅಂಟಿಕೊಂಡು ಬರುತ್ತದೆ. ನಡೆಸುವುದು ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ. ಬೆಳೆದವರೇ ಬಂದು ಮಾರಬೇಕು, ಕಾರ್ಬೈಡ್ ಹಾಕಿ ಹಣ್ಣು ಮಾಡಿರಬಾರದು ಎನ್ನುವುದು ಇಲ್ಲಿನ ಮಾತು. ರಾಮನಗರ, ಕೋಲಾರ, ಚಿಂತಾಮಣಿ ಎಂದು ಬರೆದ ಬೋರ್ಡುಗಳ ಸಾಲು. ಬೇಸಿಗೆಯಲ್ಲಿ ಮೊದಲು ಬರುವುದು ರಾಮನಗರದ ಹಣ್ಣು, ಕೋಲಾರದ್ದು ನಿಧಾನ. ಹಾಗಾಗಿ ಮೇ ಕೊನೆಗೆ ರಾಮನಗರದವರ ಮುಖದಲ್ಲಿ ಮುಗಿಯಿತಲ್ಲ ಎಂಬ ನಿರಾಳ, ಕೋಲಾರದವರ ಮುಖದಲ್ಲಿ ಮಳೆ ಎಲ್ಲಿ ಕೈಕೊಡುತ್ತದೋ ಎಂಬ ಚಿಂತೆ.

ಸೇಂದೂರ ಕೆನ್ನೆಗೆ ಬಣ್ಣ ಹಚ್ಚಿಕೊಂಡು ಮುಂದಿನ ಸಾಲಿನಲ್ಲಿ ಕೂತಿತ್ತು. ಅದರ ಹಿಂದೆ ಗುಂಡಗೆ, ಗಂಭೀರವಾಗಿ ಮಲಗೋವಾ. ಕೈಯಲ್ಲೇ ಹಿಚುಕಿ ಹೀರುವ ಸಕ್ಕರೆಗುತ್ತಿ ಒಂದು ಬುಟ್ಟಿಯಲ್ಲಿ ಚೆಲ್ಲಾಡಿತ್ತು. ಒಂದು ಕಡೆ ಮಲ್ಲಿಕಾ, ಆಮ್ರಪಾಲಿ ಅಕ್ಕಪಕ್ಕ ಇದ್ದವು. ಎರಡೂ ದೆಹಲಿಯ ಪೂಸಾದಲ್ಲಿ ಹುಟ್ಟಿದವು, ಎರಡಕ್ಕೂ ಅದೇ ಎರಡು ತಳಿ ಹೆತ್ತವರು. ಮಲ್ಲಿಕಾಗೆ ತಾಯಿ ನೀಲಂ, ತಂದೆ ದಶೇರಿ. ಆಮ್ರಪಾಲಿಗೆ ತಾಯಿ ದಶೇರಿ, ತಂದೆ ನೀಲಂ. ಇದನ್ನು ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಅದಕ್ಕೇ ಒಂದು ತಬ್ಬು ದಪ್ಪ, ಇನ್ನೊಂದು ಕುಳ್ಳಿ. ತಾಯಿ ಕಡೆ ಬಂದಿರುತ್ತೆ" ಎಂದು ತೀರ್ಪು ಕೊಟ್ಟರು. ತಳಿವಿಜ್ಞಾನಿಗಳು ಒಪ್ಪುತ್ತಾರೋ ಇಲ್ಲವೋ, ನಾನಂತೂ ಸುಮ್ಮನಾದೆ.

ನಮ್ಮ ಮನೆಯ ನಿಜವಾದ ಜಗಳ ಬಾದಾಮಿಗೂ ರಸಪುರಿಗೂ. ಇವರು ಬಾದಾಮಿಯ ಪಕ್ಷ. ಬಾದಾಮಿ ಅಂದರೆ ಬೇರೇನಲ್ಲ, ರತ್ನಗಿರಿಯಲ್ಲಿ ಹಾಪುಸ್ ಆಗಿ, ಪೇಟೆಯಲ್ಲಿ ಪೋರ್ಚುಗೀಸ್ ಹೆಸರು ಹೊತ್ತು ಆಲ್ಫಾನ್ಸೊ ಆಗಿ ಮೆರೆಯುವ ಹಣ್ಣೇ. ನಾರಿಲ್ಲ, ಹೋಳು ಚಂದ, ಪೆಟ್ಟಿಗೆಯಲ್ಲಿ ಕೂತು ವಿಮಾನ ಹತ್ತುತ್ತದೆ. ರಸಪುರಿಗೆ ಆ ಭಾಗ್ಯವಿಲ್ಲ. ತೆಳು ಸಿಪ್ಪೆ, ಒಳಗೆಲ್ಲ ರಸ. ಹಣ್ಣಾದ ಮೇಲೆ ಎರಡು ದಿನ ತಡೆದರೆ ಹೆಚ್ಚು. ದೂರದ ಊರಿಗೆ ಹೊರಡಿಸಿದರೆ ದಾರಿಯಲ್ಲೇ ಕಣ್ಣೀರಾಗುತ್ತದೆ. ಮುಂಬಯಿಯವರಿಗೆ ಅದರ ಹೆಸರೂ ಗೊತ್ತಿಲ್ಲದಿದ್ದರೆ ತಪ್ಪು ಅವರದಲ್ಲ. ಹಳೇ ಮೈಸೂರಿನ ಸೀಕರಣೆಯ ಬಟ್ಟಲು ಬಿಟ್ಟು ಆಚೆಗೆ ಹೋಗಲಾರದ ಹಣ್ಣು. ಅತ್ತೆ ಅದರ ಕಟ್ಟಾಳು. ನಾನು ಮದುವೆಯಾದ ಹೊಸತರಲ್ಲಿ ಇವರ ಕಡೆಗಿದ್ದೆ; ಈಗ ಪಕ್ಷಾಂತರ ಮಾಡಿದ್ದೇನೆ. ಬಾದಾಮಿ ನಾವು ಕೂತಲ್ಲಿಗೆ ಬರುತ್ತದೆ, ಆ್ಯಪಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಬಾಗಿಲು ಬಡಿಯುತ್ತದೆ. ರಸಪುರಿ ಇರುವಲ್ಲಿಗೆ ನಾವು ಹೋಗಬೇಕು. ನಾನು ಮೇಳಕ್ಕೆ ಹೋಗುವುದು ಇಷ್ಟಕ್ಕೇ.

ಅತ್ತೆ ಹಣ್ಣು ಆರಿಸುವುದನ್ನು ನೋಡಬೇಕು. ಒತ್ತುವುದಿಲ್ಲ. ಒತ್ತಿದವರ ಕೈ ಹಿಡಿದು ಬಿಡಿಸಿದ್ದೂ ಉಂಟು. ಮೊದಲು ತೊಟ್ಟಿನ ಬುಡ ನೋಡುತ್ತಾರೆ. ಭುಜ ಎದ್ದು ತೊಟ್ಟು ಒಳಗೆ ಇಳಿದಂತಿದ್ದರೆ ಮರದಲ್ಲೇ ಬಲಿತ ಕಾಯಿ. ಭುಜ ಇಳಿಜಾರಾಗಿದ್ದರೆ ಅವಸರಕ್ಕೆ ಕಿತ್ತದ್ದು. ಆಮೇಲೆ ತೊಟ್ಟನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಾರೆ. ಸಿಪ್ಪೆಯ ಮೇಲೆ ಸೊನೆ ಹರಿದು ಕಪ್ಪಗೆ ಸುಟ್ಟ ಗೆರೆಯಿದ್ದರೆ, ತೊಟ್ಟು ಬಿಡದೆ ಕಿತ್ತಿದ್ದಾರೆ ಎಂದು ಪಕ್ಕಕ್ಕಿಡುತ್ತಾರೆ. ಕೊನೆಗೆ ಅಂಗೈಯಲ್ಲಿ ತೂಗುತ್ತಾರೆ. ಬಲಿತ ಕಾಯಿ ನೀರಿಗೆ ಹಾಕಿದರೆ ಮುಳುಗುತ್ತದೆ, ಎಳೆಯದು ತೇಲುತ್ತದೆ. ಅವರ ಅಂಗೈ ಬಕೆಟ್ಟಿನ ಕೆಲಸ ಮಾಡುತ್ತದೆ.

ಹೀಗೆ ನಾಲ್ಕನೇ ಹಣ್ಣು ತೂಗುವಾಗ ಮಳಿಗೆಯವನು, "ಅಮ್ಮಾ, ನಿಮ್ಮದು ಯಾವೂರು?" ಎಂದ. ಊರು ಹೇಳಿದ್ದೇ ತಡ, ಇಬ್ಬರೂ ಕನ್ನಡ ಬಿಟ್ಟು ತೆಲುಗಿಗೆ ಜಾರಿದರು. ಗಡಿ ಸೀಮೆಯ ಅಭ್ಯಾಸ. ಅವನ ತೋಟ ಅತ್ತೆಯ ತವರಿನಿಂದ ಎರಡೇ ಊರು ಆಚೆ. ಯಾರ ಮಗ, ಯಾವ ಕೆರೆಯ ಕೆಳಗೆ, ಯಾರ ತೋಟ ಸೈಟಾಯಿತು ಎಂದು ಇಪ್ಪತ್ತು ನಿಮಿಷ. ನಾನು ಚೀಲ ಹಿಡಿದು ಬೇರೆ ದೇಶದವಳ ಹಾಗೆ ನಿಂತೆ. ನಡುನಡುವೆ ಸಿಕ್ಕಿದ ಮಾತುಗಳನ್ನು ಪೋಣಿಸಿಕೊಂಡದ್ದು ಇಷ್ಟು: ಅವನ ತೋಟದಲ್ಲಿ ಹೆಚ್ಚಿರುವುದು ತೋತಾಪುರಿ. ಅದು ರಸ ತೆಗೆಯುವ ಕಾರ್ಖಾನೆಗಳಿಗೆ, ಗಡಿ ದಾಟಿ ಚಿತ್ತೂರಿಗೆ ಹೋಗಬೇಕಾದ ಕಾಯಿ. 2025ರ ಜೂನಿನಲ್ಲಿ ಆ ಜಿಲ್ಲೆಯವರು ಕರ್ನಾಟಕದ ತೋತಾಪುರಿ ಬರಕೂಡದೆಂದು ಗಡಿಯಲ್ಲಿ ತಡೆದು, ಮುಖ್ಯಮಂತ್ರಿಗಳು ಮುಖ್ಯಮಂತ್ರಿಗಳಿಗೆ ಪತ್ರ ಬರೆಯುವವರೆಗೆ ಹೋಯಿತಲ್ಲ, ಆ ಮಾತು ಬಂತು. ಕಡೆಗೆ ಅವನು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಆ ಕಾಯಿ ಊರೂರು ಅಲೀಬೇಕು ಮೇಡಂ, ಇವಕ್ಕೆ ಆ ತಾಪತ್ರಯ ಇಲ್ಲ" ಎಂದು ರಸಪುರಿಯ ಬುಟ್ಟಿ ತಟ್ಟಿದ. ಬೆಲೆ ಹಲಗೆಯ ಮೇಲೆ ಬರೆದಿತ್ತು. ತವರಿನ ಕಡೆಯವನೆಂದು ಅತ್ತೆ ಚೌಕಾಸಿ ಮಾಡಲಿಲ್ಲ. ಅವನು ನಾಲ್ಕು ಹಣ್ಣು ಮೇಲೆ ಹಾಕಿದ. "ಬೇಡಪ್ಪಾ" ಎನ್ನುತ್ತಲೇ ಅತ್ತೆ ಚೀಲದ ಬಾಯಿ ಇನ್ನಷ್ಟು ಅಗಲಿಸಿದರು.

ಇವರಿಗಾಗಿ ನಾನು ಬೇರೊಂದು ಕಡೆ ಬಾದಾಮಿ ಕೊಂಡೆ. ನಾನೇ ಆರಿಸಿದ್ದು, ಅತ್ತೆಯನ್ನು ಕೇಳಲಿಲ್ಲ. ಬಣ್ಣವೆಂದರೆ ಬಣ್ಣ. ಮೆಟ್ರೊ ಸ್ಟೇಷನ್ನಿನಲ್ಲಿ ಚೀಲ ಯಂತ್ರದೊಳಗೆ ಹೋಗಿ ಬಂದಾಗ ತಪಾಸಣೆಯ ಹುಡುಗಿ ಮೂಗರಳಿಸಿ ನಕ್ಕಳು. ಡಬ್ಬಿಯಲ್ಲಿದ್ದವರೆಲ್ಲ ನಮ್ಮ ಚೀಲಗಳನ್ನೇ ನೋಡುತ್ತಿದ್ದರು.

ಮನೆಯಲ್ಲಿ ಊಟಕ್ಕೆ ಬಾದಾಮಿ ಹೆಚ್ಚಿದೆ. ಹೊರಗೆ ಒಂದು ಕಲೆಯಿಲ್ಲ. ಒಳಗೆ ವಾಟೆಯ ಸುತ್ತ ಬೆಳ್ಳಗೆ, ನೆನೆದ ಹತ್ತಿಯ ಹಾಗೆ, ಹುಳಿ. ಎರಡನೆಯದೂ ಹಾಗೇ. ಬಾದಾಮಿಯ ಹಳೆಯ ಕಾಯಿಲೆ ಇದು, ಕೊಯ್ಯುವ ತನಕ ಬೆಳೆದವನಿಗೂ ತಿಳಿಯುವುದಿಲ್ಲ. ಕಾದ ನೆಲದಿಂದ ಏಳುವ ಬಿಸಿ ಬಲಿಯುವ ಕಾಯಿಗೆ ತಾಗುವುದೂ ಒಂದು ಕಾರಣ, ಮರದಡಿ ಹುಲ್ಲು ಹೊದಿಸಿದರೆ ಕಡಿಮೆಯಾಗುತ್ತದೆ ಎನ್ನುತ್ತಾರೆ ತಿಳಿದವರು. ಇವರು ತಟ್ಟೆ ನೋಡಿದರು, ನನ್ನ ನೋಡಿದರು, ಮಾತಾಡದೆ ಸೀಕರಣೆಯ ಬಟ್ಟಲನ್ನು ಹತ್ತಿರ ಎಳೆದುಕೊಂಡರು. ಅತ್ತೆಯೂ ಏನೂ ಅನ್ನಲಿಲ್ಲ. ಏಲಕ್ಕಿ ಸ್ವಲ್ಪ ಹೆಚ್ಚಾಯಿತೇನೋ ಅಂದರು, ಅಷ್ಟೆ.

ರಸಪುರಿಯಲ್ಲಿ ಕೆಲವು ಇನ್ನೂ ಗಟ್ಟಿಯಿದ್ದವು. ಮೂರನೇ ಮಹಡಿಯಲ್ಲಿ ಅಡೆ ಹಾಕಲು ಹುಲ್ಲೆಲ್ಲಿ? ಅತ್ತೆ ಅವನ್ನು ಸೊನೆ ಒರೆಸಿ ಎಲ್ಲಿಟ್ಟರೋ ನಾನು ಗಮನಿಸಲಿಲ್ಲ. ಮೂರು ದಿನದಲ್ಲಿ ಮರೆತೂ ಬಿಟ್ಟೆ. ನಾಲ್ಕನೆಯ ದಿನ ಬೆಳಗ್ಗೆ ಕರೆಂಟಿರಲಿಲ್ಲ. ಕತ್ತಲಲ್ಲೇ ಅಕ್ಕಿ ಡ್ರಮ್ಮಿಗೆ ಪಾವು ಹಾಕಿದೆ. ಪಾವಿಗೇನೋ ತಡೆಯಿತು. ಕೈಯಿಟ್ಟೆ. ಅಕ್ಕಿ ಬೆಚ್ಚಗಿತ್ತು, ಅದರೊಳಗೆ ನುಣ್ಣಗೆ ಒಂದು ಉಬ್ಬು ಬೆರಳಿಗೆ ಸಿಕ್ಕಿತು.

"ಒತ್ತಬೇಡ," ಅಂತ ದೇವರಮನೆಯಿಂದ ಅತ್ತೆಯ ದನಿ ಬಂತು. "ಮೂಸಿ ನೋಡು."