ಹುಡುಕಿದವರಿಗೆ ನಮ್ಮ ರೇಷ್ಮೆ ಸಿಗಲಿ

ಮಧುವನಹಳ್ಳಿ
3 ಫೆಬ್ರುವರಿ 2025, ಸೋಮವಾರ

ಕೊಳ್ಳೇಗಾಲದಿಂದ ಸೀರೆ ಅಂಗಡಿಯ ಯಜಮಾನರು ಮನೆಗೇ ಬಂದಿದ್ದರು. ತಾತನ ಕಾಲದಿಂದ ಮಗ್ಗ ನಂಬಿದ ಮನೆತನ. ವೆಬ್‌ಸೈಟ್ ಮಾಡಿಸಿ ವರ್ಷಗಳಾದರೂ ಅದನ್ನು ನೋಡಿ ಬಂದ ಗಿರಾಕಿ ಒಬ್ಬರೂ ಇಲ್ಲವಂತೆ. “ಕೊಳ್ಳೇಗಾಲ ಅಂತ ಹುಡುಕಿದ್ರ ಬರೀ ಮಾಟ, ವಶೀಕರಣದೋರೇ ಬತ್ತರಲ್ಲಪ್ಪ. ನಾವು ನೇಯೋದು ಯಾರ್ಗೂ ಕಾಣಲ್ವಾ?” ಅಂದರು. ಆ ಮಾತು ಇನ್ನೂ ಎದೆಯಲ್ಲಿದೆ.

ರಾತ್ರಿ ಕೂತು ಅವರ ಪುಟಗಳನ್ನು ನೋಡಿದೆ. ಕನ್ನಡ ಬರಹವೆಲ್ಲ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದೆ. ಫಾಂಟನ್ನು ಪುಟದ ಜೊತೆಗೇ ಸೇರಿಸಿರುವುದರಿಂದ ಕಣ್ಣಿಗೆ ಕನ್ನಡ. ಗೂಗಲ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ‘ರೇಷ್ಮೆ’ ಎಂದು ಹುಡುಕಿದವರಿಗೆ ಈ ಪುಟ ಹೇಗೆ ಸಿಕ್ಕೀತು? ಮೊದಲು ಎಲ್ಲವೂ ಯೂನಿಕೋಡ್‌ಗೆ ಬರಬೇಕು.

9 ಫೆಬ್ರುವರಿ, ಭಾನುವಾರ

ಅಕ್ಷರಗಳ ಕೆಲಸ ಮುಗಿಯಿತು. ಎಲ್ಲ ಪುಟಕ್ಕೂ ‘ಹೋಮ್’ ಎಂಬ ಒಂದೇ ಶೀರ್ಷಿಕೆ ಇತ್ತು. ಈಗ ಒಂದೊಂದಕ್ಕೂ ಅದರಲ್ಲಿರುವುದನ್ನೇ ಹೇಳುವ ಹೆಸರು.

ಫೋನಿನಲ್ಲಿ ಜನ ಏನು ಕೇಳುತ್ತಾರೆ ಎಂದು ಯಜಮಾನರನ್ನು ವಿಚಾರಿಸಿದೆ. ಶುದ್ಧ ರೇಷ್ಮೆಯೇ? ಸಿಲ್ಕ್ ಮಾರ್ಕ್ ಇದೆಯೇ? ಬ್ಲೌಸ್ ಪೀಸ್ ಸೇರಿದೆಯೇ? ಮದುವೆಗೆ ಮೊದಲು ತಲುಪುತ್ತದೆಯೇ? ಅದೇ ಪ್ರಶ್ನೆಗಳಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉತ್ತರ ಬರೆದೆ. ಕಾಣದಂತೆ ಕೀವರ್ಡ್ ತುರುಕುವ ಹಳೆಯ ಚಾಳಿ ಬೇಡ. ಕೀವರ್ಡ್ ಟ್ಯಾಗನ್ನು ರ‍್ಯಾಂಕಿಗೆ ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ. ಸೀರೆಯ ಫೋಟೋಗಳ ಗಾತ್ರ ಇಳಿಸಿ, ಪ್ರತಿಯೊಂದಕ್ಕೂ ಬಣ್ಣ, ಅಂಚು, ಸೆರಗಿನ ವಿವರ ಕೊಟ್ಟೆ. ಮೊಬೈಲಿನಲ್ಲಿ ಪುಟ ಬೇಗ ತೆರೆಯಬೇಕು. ಗೂಗಲ್ ಓದುವುದೂ ಮೊಬೈಲ್ ಪುಟವನ್ನೇ.

16 ಫೆಬ್ರುವರಿ, ಭಾನುವಾರ

ತಿಂಗಳೊಳಗೆ ಮೊದಲ ಸ್ಥಾನ ಗ್ಯಾರಂಟಿ ಎಂದು ಯಾರೋ ಯಜಮಾನರಿಗೆ ಫೋನ್ ಮಾಡಿದ್ದರಂತೆ. ಅಂಥ ಭರವಸೆ ಯಾರೂ ಕೊಡಲಾಗದು ಎಂದು ಗೂಗಲ್ಲೇ ಎಚ್ಚರಿಸುತ್ತದೆ ಎಂದು ತಿಳಿಸಿದೆ. 1998ರಲ್ಲಿ ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಮುಂದಿಟ್ಟ ವಿಚಾರ ಸರಳ: ಒಂದು ಪುಟಕ್ಕೆ ಬೇರೆಯವರು ಕೊಡುವ ಲಿಂಕ್ ಒಂದು ಶಿಫಾರಸು. ಶಿಫಾರಸು ಮಾಡಿದವರ ತೂಕ ಹೆಚ್ಚಿದಷ್ಟೂ ಅದಕ್ಕೆ ಬೆಲೆ. ದುಡ್ಡು ಕೊಟ್ಟು ಕೊಂಡ ಲಿಂಕಿಗೆ ಆ ತೂಕ ಎಲ್ಲಿಂದ ಬರಬೇಕು?

ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸೈಟ್‌ಮ್ಯಾಪ್ ಸಲ್ಲಿಸಿದೆ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಜಾಗ, ಫೋನ್, ತೆರೆಯುವ ಹೊತ್ತು ಸರಿಪಡಿಸಿದೆ. ಸೀರೆ ಕೊಂಡವರೇ ವಿಮರ್ಶೆ ಬರೆಯಲಿ, ಬರೆಸುವುದು ಬೇಡ ಎಂದು ಇಬ್ಬರೂ ಒಪ್ಪಿದೆವು.

26 ಫೆಬ್ರುವರಿ, ಶಿವರಾತ್ರಿ

ಇಷ್ಟು ದಿನ ಹನೂರು ರಸ್ತೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಸಾಲು. ಮುಂದೆ ಊಟ, ನೆರಳು ಎಲ್ಲಿದೆ ಎಂದು ಕೆಲವರು ಮೊಬೈಲಿಗೆ ಕನ್ನಡದಲ್ಲೇ ಮಾತಾಡಿ ಕೇಳುತ್ತಿದ್ದರು. ಕನ್ನಡದ ಪ್ರಶ್ನೆಗೆ ಕನ್ನಡದ ಉತ್ತರವಿರುವ ಪುಟ ಬೇಕಲ್ಲವೇ? ನಮ್ಮ ಕಡೆಯ ಹೋಟೆಲು, ಲಾಡ್ಜುಗಳಿಗೂ ಇದೇ ಕೆಲಸ ಆಗಬೇಕು.

ಕನ್ಸೋಲ್‌ನಲ್ಲಿ ಕೊಳ್ಳೇಗಾಲದ ರೇಷ್ಮೆ ಹುಡುಕಿದವರ ಸಾಲುಗಳು ಕಾಣಿಸತೊಡಗಿವೆ. ಬರೀ ಊರಿನ ಹೆಸರು ಹುಡುಕಿದರೆ ಮೇಲೆ ಬರುವ ವಶೀಕರಣದವರನ್ನು ನಾನು ಅಳಿಸಲಾರೆ. ಆದರೆ ಸೀರೆ ಬೇಕೆಂದು ಬಂದವರಿಗೆ ನೇಕಾರರ ಮನೆಬಾಗಿಲು ತೋರಿಸಬಲ್ಲೆ. ಊರಿನ ಹೆಸರು ದುಡಿಯುವ ಕೈಗಳಿಗೆ ಸೇರಬೇಕು. ಮುಂದಿನ ವಾರ ಯಜಮಾನರ ಸೊಸೆಗೆ ಯೂನಿಕೋಡ್ ಟೈಪಿಂಗ್ ಕಲಿಸುತ್ತೇನೆ. ತಮ್ಮ ಮಗ್ಗದ ಪುಟವನ್ನು ಇನ್ನು ಅವರೇ ಬರೆಯುತ್ತಾರೆ.