ಭೋಸರಿಯಲ್ಲಿ ಎಕ್ಸ್‌ಪಿ ಇನ್ನೂ ಓಡುತ್ತಿದೆ

ಪುಣೆ ಮೆಟ್ರೋದ ನೇರಳೆ ಮಾರ್ಗದಲ್ಲಿ ಭೋಸರಿ ಅಂತ ಒಂದು ನಿಲ್ದಾಣವಿದೆ. ಅಲ್ಲಿ ಇಳಿದರೆ ಭೋಸರಿ ಸಿಗುವುದಿಲ್ಲ, ನಾಶಿಕ್ ಫಾಟಾ ಸಿಗುತ್ತದೆ. ನಿಲ್ದಾಣದ ಬೋರ್ಡೇ ಅದನ್ನು ಕಂಸದಲ್ಲಿ ಒಪ್ಪಿಕೊಂಡಿದೆ. ಕೆಳಗಿಳಿದು, ನಾಶಿಕ್ ರಸ್ತೆ ಹಿಡಿದು, ಶೇರ್ ಆಟೋದಲ್ಲಿ ಮೊಣಕಾಲು ಮಡಿಸಿ ಕೂತು ಇನ್ನಷ್ಟು ದೂರ ಹೋದರೆ ಎಂಐಡಿಸಿಯ ಶೆಡ್‌ಗಳು ಶುರುವಾಗುತ್ತವೆ. ಕಬ್ಬಿಣದ ಪುಡಿ ಮತ್ತು ಕೂಲಂಟ್ ಎಣ್ಣೆ ಬೆರೆತ ವಾಸನೆ ಬಂತೆಂದರೆ ಊರು ಬಂತು ಎಂದರ್ಥ.

ಪಿಂಪ್ರಿ-ಚಿಂಚವಾಡಕ್ಕೆ ಬರುವ ನಮ್ಮಂಥ ಐಟಿಯವರಲ್ಲಿ ಹೆಚ್ಚಿನವರು ಈ ಕಡೆ ಬರುವುದೇ ಇಲ್ಲ. ವಾಕಡ್, ಪಿಂಪಳೆ ಸೌದಾಗರ್, ರಾವೇತ್‌ಗಳಲ್ಲಿ ಮನೆ, ಪಾಲಿಕೆಯ ಗಡಿ ದಾಟಿದರೆ ಹಿಂಜವಡಿಯಲ್ಲಿ ಆಫೀಸು, ನಡುವೆ ಟ್ರಾಫಿಕ್ಕು. ಇಷ್ಟರಲ್ಲೇ ಹತ್ತು ವರ್ಷ ಕಳೆದವರನ್ನು ನಾನು ಬಲ್ಲೆ. ಹಿಂಜವಡಿಯಲ್ಲಿ ಮೂರು-ನಾಲ್ಕು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ಬದಲಾಗುತ್ತದೆ. ಕೆಟ್ಟಿತೆಂದಲ್ಲ, ವಾರಂಟಿ ಮುಗಿಯಿತೆಂದು. ಭೋಸರಿಯಲ್ಲಿ ಕೆಟ್ಟರೂ ಬದಲಾಗುವುದಿಲ್ಲ. ಈ ಎರಡು ಊರುಗಳ ನಡುವೆ ಓಡಾಡಿದ ಮೇಲೆ ತಂತ್ರಜ್ಞಾನದ ಸುದ್ದಿ ಓದುವ ನನ್ನ ಕ್ರಮವೇ ಸ್ವಲ್ಪ ಬದಲಾಗಿದೆ.

ಊರಿನ ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇಲ್ಲಿ ಹಳೆಯದೆಂದರೆ ಪವನಾ ನದಿಯ ದಂಡೆಯ ಮೋರಯಾ ಗೋಸಾವಿಯವರ ಸಮಾಧಿ. ಅವರು ಬೀದರ್ ಕಡೆಯಿಂದ ಬಂದವರೆಂದು ಒಂದು ಐತಿಹ್ಯ ಹೇಳುತ್ತದೆ, ಹಾಗಾಗಿ ನಾವೇನೂ ಇಲ್ಲಿ ಮೊದಲ ವಲಸಿಗರಲ್ಲ. 1954ರಲ್ಲಿ ಪೆನಿಸಿಲಿನ್ ತಯಾರಿಸಲು ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಬಂತು, ಆಮೇಲೆ ಟೆಲ್ಕೊ, ಬಜಾಜ್, ಅವುಗಳಿಗೆ ಬಿಡಿಭಾಗ ಮಾಡಿಕೊಡುವ ನೂರಾರು ಸಣ್ಣ ಶೆಡ್‌ಗಳು. 1982ರಲ್ಲಿ ಮಹಾನಗರಪಾಲಿಕೆ. ಸುಧಾ ಮೂರ್ತಿಯವರು ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದ ಕತೆ ನಮಗೆಲ್ಲ ಬಾಯಿಪಾಠ. ಆ ಕಾರ್ಡಿನ ಫಲವಾಗಿ ಅವರು ಸಂದರ್ಶನಕ್ಕೆ ಬಂದದ್ದು ಪಿಂಪ್ರಿಯ ಟೆಲ್ಕೊಗೆ. ಇನ್ಫೋಸಿಸ್ ಹುಟ್ಟಿದ್ದೂ 1981ರಲ್ಲಿ ಪುಣೆಯಲ್ಲೇ. ಎರಡು ವರ್ಷದ ನಂತರ ಅದು ಬೆಂಗಳೂರಿಗೆ ಹೋಯಿತು, ಈಗ ನಾವು ಬೆಂಗಳೂರಿನಿಂದ ಇಲ್ಲಿಗೆ ಬಂದಿದ್ದೇವೆ. ಲೆಕ್ಕ ಸರಿಹೋಯಿತು.

ಭೋಸರಿಗೆ ನನ್ನನ್ನು ಕರೆದುಕೊಂಡು ಹೋದದ್ದು ಆಳಂದ ಕಡೆಯ ಒಬ್ಬ ಯಜಮಾನರು. ಗಣೇಶೋತ್ಸವದ ಊಟದಲ್ಲಿ ಪರಿಚಯ. ಎಂಬತ್ತರ ದಶಕದಲ್ಲಿ ಐಟಿಐ ಮುಗಿಸಿ ಟರ್ನರ್ ಆಗಿ ಬಂದವರು, ಈಗ ಸ್ವಂತ ಶೆಡ್ಡು, ಎರಡು ಸಿಎನ್‌ಸಿ ಲೇಥು, ಒಂದು ವಿಎಂಸಿ, ಎಂಟು ಜನ ಕೆಲಸಗಾರರು. ಅವರಲ್ಲಿ ಐವರು ಕಲಬುರಗಿ, ವಿಜಯಪುರದವರು. ಅಕ್ಟೋಬರಿನಲ್ಲಿ ಫೋನ್ ಮಾಡಿದರು: "ಸಾಹೇಬ್ರ, ಪ್ಯಾಪರ್‌ನ್ಯಾಗ ಬಂದದ, 14ನೇ ತಾರೀಖಿಗಿ ವಿಂಡೋಸ್ ಬಂದ್ ಆಗ್ತದಂತ. ನಮ್ಮ ಮಷೀನ್ ನಿಂದರ್ತಾವೇನ್ರಿ?"

ಗುರುವಾರ ಹೋದೆ. ಇಲ್ಲಿಯ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಶೆಡ್ಡಿನ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಪಿಸಿ, ಹದಿನೈದಿಂಚಿನ ಡಬ್ಬಾ ಮಾನಿಟರು. ಅದರ ಹಣೆಯ ಮೇಲೆ ಖಂಡೇ ನವಮಿಯ ಅರಿಶಿನ ಕುಂಕುಮ ಇನ್ನೂ ಇತ್ತು. ಪ್ಲಾಸ್ಟಿಕ್ ಎತ್ತಿ ಚಾಲೂ ಮಾಡಿದರು. ಹಸಿರು ಗುಡ್ಡ, ನೀಲಿ ಆಕಾಶ. ವಿಂಡೋಸ್ ಎಕ್ಸ್‌ಪಿ.

"ಕಾಕಾ, ಇದರ ಸಪೋರ್ಟ್ ಮುಗಿದು ಹನ್ನೊಂದು ವರ್ಷ ಆಯ್ತಲ್ಲ," ಅಂದೆ. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿದೆ.

"ಹೌದೇನ್ರಿ? ಹಂಗಾರ ಜೋರಾಗಿ ಹೇಳಬ್ಯಾಡ್ರಿ. ಅದಕ್ಕ ಗೊತ್ತಾದ್ರ ನಿಂತಗಿಂತೀತು."

ಆ ಪಿಸಿಗೆ ಇರುವುದು ಒಂದೇ ಕೆಲಸ. ಹಿಂಬದಿಯ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿನಿಂದ ಒಂದು ಕೇಬಲ್ ಹೊರಟು ಲೇಥಿನ ಫ್ಯಾನುಕ್ ಕಂಟ್ರೋಲರಿಗೆ ಹೋಗುತ್ತದೆ. ಅದರ ಮೂಲಕ ಪ್ರೋಗ್ರಾಂ ಕಳಿಸಬೇಕು. ಕೇಬಲ್ಲಿನ ಭಾಷೆ ಆರ್‌ಎಸ್-232, ಅದು 1960ರದ್ದು. ಏಳು ಬಿಟ್, ಈವನ್ ಪ್ಯಾರಿಟಿ, ಎರಡು ಸ್ಟಾಪ್ ಬಿಟ್. ಸೆಕೆಂಡಿಗೆ ಕೆಲವು ನೂರು ಅಕ್ಷರಗಳಷ್ಟೇ ನಡೆಯುತ್ತವೆ. ಕಂಟ್ರೋಲರಿನ ನೆನಪಿನ ಶಕ್ತಿಯನ್ನು ಅದರ ಪುಸ್ತಕದಲ್ಲಿ ಮೀಟರಿನಲ್ಲಿ ಕೊಟ್ಟಿದ್ದಾರೆ! 80 ಮೀಟರ್ ಎಂದರೆ ಅಷ್ಟು ಉದ್ದದ ತೂತು ಹೊಡೆದ ಕಾಗದದ ಪಟ್ಟಿಯಲ್ಲಿ ಹಿಡಿಸುವಷ್ಟು ಪ್ರೋಗ್ರಾಂ, ಸುಮಾರು 32 ಕಿಲೋಬೈಟ್. ಸೀರೆಯಂಗಡಿಯ ಅಳತೆಯಲ್ಲಿ ಕಂಪ್ಯೂಟರ್ ಮೆಮೊರಿ ನೋಡಿದ್ದು ನಾನು ಅದೇ ಮೊದಲು. ಜಿ00 ಎಂದರೆ ಬೇಗ ಹೋಗು, ಜಿ01 ಎಂದರೆ ಕೊರೆಯುತ್ತಾ ನೇರ ಹೋಗು, ಎಂ30 ಎಂದರೆ ಕೆಲಸ ಮುಗಿಯಿತು. ಈ ಭಾಷೆ ಬರೆಯಲು ಬಲ್ಲ ಹುಡುಗರು ಆ ಶೆಡ್ಡಿನಲ್ಲಿ ಇಬ್ಬರಿದ್ದಾರೆ. ಅವರನ್ನು ಯಾರೂ ಪ್ರೋಗ್ರಾಮರ್ ಎಂದು ಕರೆಯುವುದಿಲ್ಲ, ಆಪರೇಟರ್ ಎನ್ನುತ್ತಾರೆ. ಸಂಬಳದ ವ್ಯತ್ಯಾಸ ನಿಮಗೇ ಗೊತ್ತು.

ನಾನು ಹೋಗುವ ಹೊತ್ತಿಗೆ ಒಬ್ಬ ಕಂಪ್ಯೂಟರ್ ವ್ಯಾಪಾರಿ ಕೊಟೇಶನ್ ಕೊಟ್ಟುಹೋಗಿದ್ದ. ಇದ್ದ ಮೂರೂ ಪಿಸಿ ತೆಗೆದು ಹೊಸ ಮೂರು ಹಾಕಬೇಕಂತೆ. ಹೊಸದರಲ್ಲಿ ಸೀರಿಯಲ್ ಪೋರ್ಟ್ ಇಲ್ಲವಲ್ಲ ಅಂದರೆ, ಯುಎಸ್‌ಬಿಗೆ ಸಿಕ್ಕಿಸುವ ಅಡಾಪ್ಟರ್ ಬರುತ್ತದೆ ಅಂದನಂತೆ. ಬರುತ್ತದೆ ನಿಜ, ಒಳ್ಳೆಯವೂ ಇವೆ. ಅಗ್ಗದವು ಮಾತ್ರ ಆಗೊಮ್ಮೆ ಈಗೊಮ್ಮೆ ಒಂದು ಅಕ್ಷರ ನುಂಗುತ್ತವೆ. ವಾಟ್ಸಾಪಿನಲ್ಲಿ ಒಂದು ಅಕ್ಷರ ಬಿದ್ದರೆ ನಗುತ್ತೇವೆ. ಇಲ್ಲಿ ಎಕ್ಸ್ 50 ಬರೆದು ಮುಂದೆ ಚುಕ್ಕಿ ಇಟ್ಟರೆ ಐವತ್ತು ಮಿಲಿಮೀಟರ್. ಆ ಚುಕ್ಕಿಯೊಂದು ದಾರಿಯಲ್ಲಿ ಬಿದ್ದುಹೋದರೆ ಹೀಗೆ ಸೆಟ್ ಮಾಡಿದ ಕಂಟ್ರೋಲರ್ ಅದನ್ನು ಐವತ್ತು ಮೈಕ್ರಾನ್ ಎಂದು ಓದುತ್ತದೆ, ಟೂಲು ತಿರುಗುವ ಕಬ್ಬಿಣದ ನಡುಮಧ್ಯಕ್ಕೆ ನುಗ್ಗುತ್ತದೆ. ಪ್ಯಾರಿಟಿ ಬಿಟ್ಟು ಅಕ್ಷರ ಬದಲಾದದ್ದನ್ನು ಹಿಡಿಯಬಲ್ಲದು, ಬಾರದೇ ಹೋದ ಅಕ್ಷರವನ್ನು ಹಿಡಿಯಲಾರದು. ಎದುರಿಗೆ ನಿಂತಿರುವವನು ಆಳಂದದ ಯಾವುದೋ ಮನೆಯ ಮಗ.

ನನಗೆ ತಂತ್ರಜ್ಞಾನ ವರದಿಗಾರಿಕೆಯ ಮೇಲಿರುವ ತಕರಾರು ಇದೇ. "ವಿಂಡೋಸ್ 10 ಅಂತ್ಯ" ಎಂದು ಬರೆಯುತ್ತಾರೆ. 2025ರ ಅಕ್ಟೋಬರ್ 14ಕ್ಕೆ ನಿಂತದ್ದು ಉಚಿತ ಸುರಕ್ಷತಾ ಅಪ್‌ಡೇಟ್‌ಗಳು, ಕಂಪ್ಯೂಟರ್ ಅಲ್ಲ. ಯಾವ ಕಂಪ್ಯೂಟರಿಗೆ ಅದು ದೊಡ್ಡ ವಿಷಯ, ಯಾವುದಕ್ಕೆ ಅಲ್ಲ ಎಂದು ಬೇರ್ಪಡಿಸಿ ಹೇಳುವ ಸುದ್ದಿ ಅಪರೂಪ. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದ್ದು ಅಥವಾ ಹೊಸದು ಬೇಕು. ಅಂದರೆ 2017ಕ್ಕೂ ಮೊದಲಿನ ಯಂತ್ರಗಳು, ಎಷ್ಟೇ ಗಟ್ಟಿಯಾಗಿರಲಿ, ಪಂಕ್ತಿಯಿಂದ ಹೊರಗೆ. ಟಿಪಿಎಂನಿಂದ ಉಪಯೋಗವಿಲ್ಲ ಎನ್ನುವ ವಾದ ನನ್ನದಲ್ಲ, ಕೀಲಿಗಳನ್ನು ಕಾಯಲು ಅದು ಒಳ್ಳೆಯ ವ್ಯವಸ್ಥೆ. ಆದರೆ ಅಂಥ ಚಿಪ್ ಇಲ್ಲವೆಂದು ಲೆಕ್ಕ ಬರೆಯುವ ಒಂದು ಒಳ್ಳೆಯ ಐ3 ಯಂತ್ರ ಗುಜರಿಗೆ ಹೋಗಬೇಕೆಂದರೆ ನನ್ನ ಹೊಟ್ಟೆ ಉರಿಯುತ್ತದೆ.

ಹಳೆಯದನ್ನು ಕುರುಡಾಗಿ ಹೊಗಳುವುದೂ ಬೇಡ. 2017ರ ಮೇನಲ್ಲಿ ವಾನಾಕ್ರೈ ಬಂದಾಗ ರೆನೋ ಕಂಪನಿ ಫ್ರಾನ್ಸಿನಲ್ಲಿ ಕಾರು ಉತ್ಪಾದನೆಯನ್ನೇ ನಿಲ್ಲಿಸಬೇಕಾಯಿತು. ತಿದ್ದುಪಡಿ ಎರಡು ತಿಂಗಳ ಹಿಂದೆಯೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಕೊನೆಗೆ ಸತ್ತುಹೋಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಒಂದು ತಿದ್ದುಪಡಿ ಕೊಟ್ಟಿತು. ಇನ್ನೊಂದು ಕಡೆ 2024ರ ಜುಲೈ 19. ಅಂದು ಬಿದ್ದದ್ದು ತಪ್ಪದೆ ಅಪ್‌ಡೇಟ್ ಆಗುತ್ತಿದ್ದ ಯಂತ್ರಗಳೇ. ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟಿನಿಂದ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ನಮ್ಮ ಕಾಕಾ ಶೆಡ್ಡಿನಲ್ಲಿ ಅಂದು ಶುಕ್ರವಾರ, ಮೂರು ಪಾಳಿಯೂ ನಡೆದಿವೆ. ನೆಟ್ಟೇ ಇಲ್ಲದ ಯಂತ್ರಕ್ಕೆ ಒಳ್ಳೆಯ ಅಪ್‌ಡೇಟೂ ಬರುವುದಿಲ್ಲ, ಕೆಟ್ಟದ್ದೂ ಬರುವುದಿಲ್ಲ.

ಹಾಗಾಗಿ ಎರಡನ್ನೂ ಬೇರೆ ಬೇರೆ ಮಾಡಿ ಕಾಕಾಗೆ ಹೇಳಿದೆ. ಎಕ್ಸ್‌ಪಿ ಪೆಟ್ಟಿಗೆಗೆ ನೆಟ್ ಕೊಡಬೇಡಿ, ಯಾರ ಪೆನ್ ಡ್ರೈವನ್ನೂ ಹಾಗೇ ಹಾಕಬೇಡಿ, ಅದರ ನಿಜವಾದ ಶತ್ರು ವೈರಸ್ ಅಲ್ಲ, ಹದಿನೆಂಟು ವರ್ಷ ತಿರುಗಿದ ಹಾರ್ಡ್ ಡಿಸ್ಕು. ಆಫೀಸಿನ ವಿಂಡೋಸ್ 10 ಯಂತ್ರದ ಮಾತೇ ಬೇರೆ. ಟ್ಯಾಲಿ, ಜಿಎಸ್‌ಟಿ, ಇ-ವೇ ಬಿಲ್, ಬ್ಯಾಂಕು ಎಲ್ಲ ಅದರಲ್ಲೇ. ಅದಕ್ಕೆ ಮೈಕ್ರೋಸಾಫ್ಟಿನ ಒಂದು ವರ್ಷದ ಹೆಚ್ಚುವರಿ ಸುರಕ್ಷತಾ ಯೋಜನೆಯಲ್ಲಿ ಹೆಸರು ಹಚ್ಚಿಸಿ 2026ರ ಅಕ್ಟೋಬರ್‌ವರೆಗೆ ಉಸಿರು ಕೊಟ್ಟೆ. ಆಮೇಲೆ ಅದೊಂದನ್ನು ಬದಲಿಸಿದರೆ ಸಾಕು. ಲಿನಕ್ಸ್ ಹಾಕಬಹುದಿತ್ತಲ್ಲ ಎಂದು ನನ್ನ ಗೆಳೆಯರು ಕೇಳುತ್ತಾರೆ. ನಾನೂ ಮನೆಯಲ್ಲಿ ಅದನ್ನೇ ಬಳಸುವವನು. ಆದರೆ ಟ್ಯಾಲಿಯ ಮುಂದೆ ಇಪ್ಪತ್ತು ವರ್ಷದಿಂದ ಕೂತ ಅಕೌಂಟೆಂಟ್ ಬಾಯಿಗೆ ಭಾಷಣ ಮಾಡುವ ಧೈರ್ಯ ನನಗಿಲ್ಲ.

ಡಿಸ್ಕಿನ ನಕಲು ತೆಗೆಯಲು ಅರ್ಧ ದಿನ ಹಿಡಿಯಿತು. ಹಳೆಯ ಐಡಿಇ ಡಿಸ್ಕು ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದ್ದೆ. ಕಾಯುತ್ತಾ ಕೂತಾಗ ಕಾಕಾರ ಮೊಮ್ಮಗ, ಒಂಬತ್ತನೇ ಕ್ಲಾಸು, ಫೋನಿನಲ್ಲಿ ಬಿಜಿಎಂಐ ಆಡುತ್ತಿದ್ದ. ಆಟ ಮಾಡುವ ಕಂಪನಿಯೆಲ್ಲ ಅಮೆರಿಕದಲ್ಲೇ ಇರೋದಾ ಎಂದು ಕೇಳಿದ. ಅವನ ಊರಿನ ಪಕ್ಕದಲ್ಲೇ ಇವೆ! 2020ರಲ್ಲಿ ಬಂದ "ರಾಜಿ" ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನದ್ದು. 2024ರ ಅಕ್ಟೋಬರಿನಲ್ಲಿ ಬಂದ "ಇಂಡಸ್" ಪುಣೆಯ ಸೂಪರ್‌ಗೇಮಿಂಗ್‌ನದ್ದು. "ರಾಜಿ"ಯನ್ನು ನಾನು ಪೂರ್ತಿ ಆಡಿದ್ದೇನೆ. ಕಣ್ಣಿಗೆ ಹಬ್ಬ, ಕಾದಾಟ ಸ್ವಲ್ಪ ಒರಟು, ಆದರೆ ನಮ್ಮ ಪುರಾಣವನ್ನು ಕ್ಯಾಲೆಂಡರ್ ಚಿತ್ರ ಮಾಡದೆ ಬಳಸಿದ ಆಟ.

ನಮ್ಮ ವಯಸ್ಸಿನವರಿಗೆ ಹೆಚ್ಚು ನೋವು ಕೊಟ್ಟ ಪುಣೆಯ ಆಟ ಇನ್ನೊಂದಿದೆ. ಶಾಲೆಯ ಲ್ಯಾಬಿನಲ್ಲಿ ಡಾಸ್ ಕಲಿಸುವ ಮೇಡಂ ಆಚೆ ಹೋದೊಡನೆ ತೆರೆದುಕೊಳ್ಳುತ್ತಿದ್ದದ್ದು ಎರಡೇ: ಡೇವ್ ಮತ್ತು ಪ್ರಿನ್ಸ್ ಆಫ್ ಪರ್ಷಿಯಾ. 1989ರಲ್ಲಿ ಬಂದ ಈ ಪ್ರಿನ್ಸ್‌ಗಾಗಿ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೋ ತೆಗೆದು ಆ ರಾಜಕುಮಾರನ ನಡಿಗೆಯನ್ನು ಗೀಚಿದ್ದ. ಅರವತ್ತು ನಿಮಿಷದೊಳಗೆ ಕೋಟೆ ದಾಟಬೇಕು. ಅದೇ ಸರಣಿಯ 2003ರ "ಸ್ಯಾಂಡ್ಸ್ ಆಫ್ ಟೈಮ್" ಅನ್ನು ಹೊಸದಾಗಿ ಮಾಡುವ ಕೆಲಸ ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೋಗಳ ಕೈಯಲ್ಲಿದೆ ಎಂದು 2020ರಲ್ಲಿ ಪ್ರಕಟವಾಯಿತು. ಟ್ರೇಲರ್ ನೋಡಿದ ಜಗತ್ತು ಚಿತ್ರಗಳು ಹಳೆಯದಾಗಿ ಕಾಣುತ್ತಿವೆ ಎಂದು ಆಡಿಕೊಂಡಿತು. ಬಿಡುಗಡೆ ಮುಂದಕ್ಕೆ ಹೋಯಿತು. 2022ರ ಮೇನಲ್ಲಿ ಕೆಲಸವನ್ನೇ ಮಾಂಟ್ರಿಯಲ್‌ಗೆ ಒಯ್ದರು. ಆ ಸ್ಟುಡಿಯೋದೊಳಗೆ ಏನಾಯಿತೋ, ಅದು ಅವರಿಗೇ ಬಿಟ್ಟದ್ದು. ಬಾಲ್ಯದ ರಾಜಕುಮಾರ ನಮ್ಮೂರಿಗೆ ಬಂದು ಹಿಂತಿರುಗಿದನಲ್ಲ ಎಂಬ ಸಂಕಟ ಮಾತ್ರ ನನ್ನದು. ಹುಡುಗನಿಗೆ ಲ್ಯಾಪ್‌ಟಾಪಿನಲ್ಲಿ ಹಳೆಯ ಪ್ರಿನ್ಸ್ ತೆರೆದುಕೊಟ್ಟೆ. ಮೂರು ಸಲ ಮೊಳೆಯ ಮೇಲೆ ಬಿದ್ದ. "ಅಂಕಲ್, ಇದರಾಗ ಗನ್ ಎಲ್ಲಿ ಸಿಗ್ತದ?" ಅಂದ.

ಚಹಾ ಬಂದಾಗ ಕಾಕಾ ಕಂಪ್ಯೂಟರಿನ ಮಾತು ಬಿಟ್ಟು ಬೇರೆ ಹೇಳತೊಡಗಿದರು. ಅವರ ಶೆಡ್ಡಿನಲ್ಲಿ ತಯಾರಾಗುವುದು ಗೇರಿನ ಶಾಫ್ಟು, ಎಂಜಿನ್ನಿನ ಪಿನ್ನು. ಆಕುರ್ಡಿಯಲ್ಲಿ ಬಜಾಜ್ ಚೇತಕ್ ತಯಾರಾಗುತ್ತಿದ್ದ ಕಾಲದಿಂದ ಇದೇ ಬದುಕು. ಈಗ ಅದೇ ಆಕುರ್ಡಿಯಲ್ಲಿ, ಅದೇ ಹೆಸರಿನ ಚೇತಕ್, 2022ರಿಂದ ಕರೆಂಟಿನ ಗಾಡಿಯಾಗಿ ತಯಾರಾಗುತ್ತಿದೆ. ಅದರಲ್ಲಿ ಎಂಜಿನ್ನೂ ಇಲ್ಲ, ಪಿಸ್ಟನ್ನೂ ಇಲ್ಲ. "ವಿಂಡೋಸ್ ಹೋದ್ರ ನೀವು ಬರ್ತೀರಿ. ಎಂಜಿನ್ ಹೋದ್ರ ಯಾರ ಬರ್ತಾರ್ರಿ?"

ಉತ್ತರ ನನ್ನ ಹತ್ತಿರ ಇರಲಿಲ್ಲ. 2025ರ ಜುಲೈಯಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು, ಅದರಲ್ಲೂ ಮಧ್ಯಮ ಮತ್ತು ಹಿರಿಯ ಹಂತದವರನ್ನು ಕಡಿಮೆ ಮಾಡುವುದಾಗಿ ಹೇಳಿದ ದಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರೂ ಮಾತಾಡಿರಲಿಲ್ಲ. ನಲವತ್ತರ ಹತ್ತಿರ ಇರುವ ನಾವೆಲ್ಲ ಅವರವರ ಫೋನು ನೋಡುತ್ತಾ ನಿಂತಿದ್ದೆವು. ಅದನ್ನು ಕಾಕಾಗೆ ಹೇಳಿದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ತಮ್ಮಾ, ಲೇಥ್ ಹೊಡಿಲಿಕ್ಕ ಬರ್ತದೇನು?" ಅಂದರು. ಅಲ್ಲಿಯವರೆಗೆ ನಾನು ಸಾಹೇಬ್ರ ಆಗಿದ್ದೆ.

ಸಂಜೆ ಐದಕ್ಕೆ ನಕಲು ಮುಗಿಯಿತು. ಇಪ್ಪತ್ತು ವರ್ಷದಲ್ಲಿ ಬರೆದ ಎರಡು ಸಾವಿರಕ್ಕೂ ಹೆಚ್ಚು ಪ್ರೋಗ್ರಾಂಗಳು ಒಟ್ಟು 9 ಎಂಬಿ, ಮದುವೆಯ ಒಂದು ವಾಟ್ಸಾಪ್ ವಿಡಿಯೋಗಿಂತ ಕಡಿಮೆ. ಡಿಸ್ಕಿನ ಜಾಗಕ್ಕೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿ ಸ್ವಿಚ್ ಒತ್ತಿದೆವು. ಹಸಿರು ಗುಡ್ಡ ಬಂತು. ಕಾಕಾ ಒಂದು ಪ್ರೋಗ್ರಾಂ ಕಳಿಸಿ, ಲೇಥಿನ ಪರದೆಯ ಮೇಲೆ ಅಕ್ಷರಗಳು ಸಾಲಾಗಿ ಇಳಿಯುವುದನ್ನು ಕೊನೆಯ ಶೇಕಡಾ ಚಿಹ್ನೆಯವರೆಗೂ ನೋಡಿದರು. ಹಳೆಯ ಡಿಸ್ಕನ್ನು ಒಂದು ಬಟ್ಟೆಯಲ್ಲಿ ಸುತ್ತಿ ದೇವರ ಫೋಟೋದ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. ನಾಳೆ ಬೆಳಗಿನ ಪಾಳಿಗೆ ಆರುನೂರು ಪಿನ್ನಿನ ಆರ್ಡರ್ ಇತ್ತು.