ವೇಷವೂ ಸ್ವರೂಪವೂ

ನಾಟ್ಯದಲ್ಲಿ ಪುರುಷನು ಸ್ತ್ರೀಪಾತ್ರವನ್ನು ವಹಿಸುವುದು ನಮ್ಮ ದೇಶಕ್ಕೆ ಹೊಸತಲ್ಲ. ಭರತಮುನಿಯೇ ಅದನ್ನು ಅಂಗೀಕರಿಸಿರುವನು. ವಿರಾಟನಗರದಲ್ಲಿ ಬೃಹನ್ನಳೆಯಾಗಿ ಉತ್ತರೆಗೆ ನೃತ್ಯವನ್ನು ಕಲಿಸಿದ ಅರ್ಜುನನು, ಅಜ್ಞಾತವಾಸದ ಅವಧಿ ತೀರಿದ ಬಳಿಕ ಆ ರೂಪವನ್ನು ತ್ಯಜಿಸಿದನು. ಆದರೆ ಕಳಚಿಡಲಾಗದ ಸ್ತ್ರೀತ್ವವೂ ಉಂಟು. ಅದಕ್ಕೆ ಬಳ್ಳಾರಿಯ ಸೀಮೆಯ ಮಂಜಮ್ಮ ಜೋಗತಿಯವರ ಬಾಳೇ ನಿದರ್ಶನ.

ಗಂಡುಮಗುವೆಂದು ಬೆಳೆದ ಅವರು ಎಳೆಯ ಪ್ರಾಯದಲ್ಲಿಯೇ ತಮ್ಮ ಅಂತರಂಗವು ಹೆಣ್ಣಿನದೆಂದು ಅರಿತರು. ಹುಲಿಗೆಮ್ಮನ ಸನ್ನಿಧಿಯಲ್ಲಿ ಅವರ ಉಡಿದಾರವನ್ನು ಹರಿದು ಬಳೆಗಳನ್ನು ತೊಡಿಸಿದರು. ಮುಂದೆ ಮನೆಯನ್ನು ತೊರೆಯಬೇಕಾಯಿತು; ಭಿಕ್ಷೆಯೇ ಗತಿಯಾಯಿತು. ದಾವಣಗೆರೆಯ ಬಸ್ಸು ನಿಲ್ದಾಣದಲ್ಲಿ ತಲೆಯ ಮೇಲೆ ಕೊಡ ಹೊತ್ತು ಕುಣಿಯುವವರನ್ನು ಕಂಡು ಆ ಕಲೆಯನ್ನು ಅಭ್ಯಾಸಮಾಡಿದರು. ಬಳಿಕ ಕಾಳವ್ವ ಜೋಗತಿಯವರ ಮೇಳವನ್ನು ಸೇರಿದರು.

ಚೌಡಿಕೆಯ ನಾದಕ್ಕೆ ಹೆಜ್ಜೆ ಹಾಕುತ್ತ, ಶಿರದ ಮೇಲಣ ಕೊಡವನ್ನು ಕೈಯಿಂದ ಹಿಡಿಯದೆ ನಿಲ್ಲಿಸಿಕೊಳ್ಳುವುದೇ ಈ ನೃತ್ಯದ ಬಿಗಿ. ದೇಹವೆಷ್ಟು ಚಲಿಸಿದರೂ ಕೊಡವು ಜಾರಕೂಡದು. ಲೋಕದ ನಿಂದೆಯ ನಡುವೆ ತಮ್ಮ ಸ್ವರೂಪವನ್ನು ಕಾಪಾಡಿಕೊಂಡವರಿಗೆ ಆ ಸಮತೋಲವು ಬಾಳಿನ ಅಭ್ಯಾಸವೇ ಆಗಿದ್ದಿತು.

2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ನವೆಂಬರ್ ತಿಂಗಳಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸುವಾಗ, ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ತೆಗೆದರು. ಒಂದು ಕಾಲದಲ್ಲಿ ಬೀದಿಯಲ್ಲಿ ಕೈಯೊಡ್ಡಿದವರು ಆ ದಿನ ರಾಷ್ಟ್ರದ ಪ್ರಥಮ ಪ್ರಜೆಯನ್ನು ಹರಸಿದರು. ಸಭೆಯು ಕರತಾಡನಮಾಡಿತು. ಅಂತಹ ಮಗುವೊಂದು ತಮ್ಮ ಮನೆಯಲ್ಲಿಯೇ ಜನಿಸಿದರೆ, ಕೈತಟ್ಟಿದವರು ಅದಕ್ಕೆ ಪಂಕ್ತಿಯಲ್ಲಿ ಎಲೆ ಹಾಕುವರೆ? ಕಲೆಗೆ ಸಲ್ಲಿಸುವ ಗೌರವದ ನಿಜವಾದ ಪರೀಕ್ಷೆ ಅಲ್ಲಿಯೇ ಇರುವುದು.